ಯೂರಿಯಾ ಹಾಕಿದ ಸೋಮವಾರ

...ಆ ಸೀರಿ ಇನ್ನೂ ಹಸೀನ ಐತಿ ಜಯಮಾಲಾ, ಹಗ್ಗದ ಮ್ಯಾಲ ಇರಲಿ ಬಿಡು. ನಿಮ್ಮಣ್ಣ ತಂಗಡಗಿಯಿಂದ ಕರ್ಯಾಕ ಬಂದಾನ, ಖರೆ. ಕೆಳಗ ಚಾ ಕುಡ್ಯಾಕತ್ತಾನ, ಕುಡೀಲಿ. ಮುದ್ದೇಬಿಹಾಳ ಬಸ್ಸಿಗೆ ಇನ್ನೂ ಹೊತ್ತೈತಿ. ಒಂದೀಟು ಕುಂದ್ರು.

ಬ್ಯಾಡೇನು? ನಿಂತರ ನಿಲ್ಲು. ಮಾರಿಯರೆ ಈ ಕಡೆ ಮಾಡು. ನಾ ನಿನ್ನ ಅತ್ತಿ, ಎಂಟು ದಿನ ಆತು ನೀ ನನ್ನ ಕೂಡ ಮಾತಾಡಿಲ್ಲ.

ನೋಡಿಲ್ಲೆ, ನೀ ಕುಂಡದಾಗ ಹಚ್ಚಿದ ಟೊಮ್ಯಾಟೊ. ಈ ಸಾಲಿನಾಗಿನ ಗಿಡ ಎಲ್ಲಾ ಹೂವ ಬಿಟ್ಟಾವ. ಶೇಂಗಾ ಹಿಂಡಿ ಮೂರು ದಿನ ನೆನಿಸಿ, ನೀರ ಬೆರಸಿ ತೆಳ್ಳಗ ಮಾಡಿ ಹಾಕೀನಿ, ನೀ ಹೇಳಿದಂಗ. ನೀ ಹೋದರ ಇವನ್ನ ಯಾರು ನೋಡಬೇಕು? ಕಾಯಿ ಆಗೋತನಕರೆ ಇರು. ಹೋಗಲಿ... ಈ ವಾರ ಇರು.

ಪರಮಾನಂದಗ ನಾ ಹೇಳ್ತೇನಿ. ನನ್ನ ಮಗ ಕೆಟ್ಟಾವಲ್ಲ, ಸಿಟ್ಟು ಬಂತಂದ್ರ... ಸೆರಗ ಯಾಕ ಜಗ್ಗತಿ? ತೋಳ ಮ್ಯಾಲಿನ ಬಾವು ನಾ ನೋಡೀನಿ.

ಆ ಸೋಮವಾರ ಗೊತ್ತಾಗಿದ್ದರ ನಡುವ ಬರ್ತಿದ್ದೆ, ದೇವರಾಣಿ. ನಾ ಇಲ್ಲೇ ಮಾಳಿಗಿ ಮ್ಯಾಲ ಗಿಡಕ್ಕ ಯೂರಿಯಾ ಹಾಕಾಕತ್ತಿದ್ದೆ. ಗಾಳಿ ಭಾಳ ಇತ್ತು. ಏನೂ ಕೇಳಸಲಿಲ್ಲ.

ಆ ಬಿಬಿಜಾನಗ ಏನು ಬೇಕಾಗಿತ್ತು ಹೇಳು? ಮೂರು ಮನಿ ಆಚೆ ಇದ್ದಾಕಿ, ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮಣ್ಣಗ ಫೋನ್ ಹಚ್ಚತಾಳ, ಜಯಮಾಲಾ ಚೀರೋದು ಕೇಳಸ್ತು ಅಂತ...

ಹಂಗ್ಯಾಕ ನೋಡ್ತಿ?

ಅದು? ಆ ಮೂಲಿ ಕುಂಡದ್ದು ಬಿಸಲಿಗೆ ಸುಟ್ಟೈತಿ. ಸಿಂದಗಿ ಬಿಸಲು ನಿನಗ ಗೊತ್ತಿಲ್ಲೇನು...

ಏನರೆ ಅನ್ನು ಯವ್ವಾ. ಬೈಯರೆ ಬೈ.

...ಬಿಸಲಿಗಲ್ಲ. ಒಂದು ಚಿಟಿಕಿ ಹಾಕಬೇಕು, ಬುಡದಿಂದ ದೂರ, ಅಂತ ನೀನ ಕಲಿಸಿದ್ದಿ. ನಾ ಅದೊಂದಕ್ಕ ಹಾಕಿದೆ, ಮತ್ತ ಹಾಕಿದೆ. ಮುಷ್ಟಿಗಟ್ಲೆ. ಚೀಲ ಖಾಲಿ ಆಗೋತನಕ ಹಾಕ್ಕೊಂತ ಕುಂತೆ. ಕೈ ನಿಂತಿದ್ದರ ಕೆಳಗ ಇಳೀಬೇಕಾಗ್ತಿತ್ತು. ಇಳದರ ಅವ ನನ್ನ ಮ್ಯಾಲೂ ಕೈ ಎತ್ತತಿದ್ದ, ಜಯಮಾಲಾ. ಮದಲೂ ಎತ್ಯಾನ.

ಕೇಳಸಿತ್ತು. ಎಲ್ಲಾ ಕೇಳಸಿತ್ತು.

ನೀ ನನ್ನ ಕರದದ್ದೂ.