ನೋವು ಹೋದಮೇಲೆ ಓಡಬೇಡ

ಎಲ್ಲಿ, ಊಹಿಸಿ ನೋಡೋಣ. ಒಬ್ಬನಿಗೆ ಎದೆನೋವು ಬಂತು, ಹಿಂಡಿ ಹಿಪ್ಪೆ ಮಾಡಿತು, ಹೋಯಿತು. ಬಂದಾಗ ಅವನು ಹೆದರಲಿಲ್ಲ. ಹೋದಮೇಲೆ ಹೆದರಿ ತಣ್ಣಗಾದ. ಯಾಕೆ?

ಗ್ಯಾಸ್ ಅಂತೀರಾ? ಅವನೂ ಅದನ್ನೇ ಅಂದಿದ್ದ! ಆ ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ಮಧ್ಯೆ ಯಾರೂ ಎದ್ದು ಹೋಗೋ ಹಾಗಿಲ್ಲ.

ಅವನು ಅಂದರೆ ನನ್ನ ಷಡ್ಡಕ, ನಾದಿನಿಯ ಗಂಡ. ಬಸ್ ಡ್ರೈವರ್. ಡಿಪೋದಲ್ಲಿ ಅವನಿಗೆ 'ಹಾರ್ನ್' ಅಂತ ಹೆಸರು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಬೇಕು, ಅಂಥ ಗಂಟಲು. ಅವತ್ತು ಮಧ್ಯಾಹ್ನ ಸ್ಟೀರಿಂಗ್ ಹಿಡಿದಿದ್ದಾಗಲೇ ಎದೆ ಹಿಡಿಯಿತು. ಡಿಪೋ ಎದುರಿನ ಕ್ಲಿನಿಕ್ಕಿನಲ್ಲಿ, ನೋವು ಇರುವಾಗಲೇ, ಇಸಿಜಿ ತೆಗೆದರು. ಗೆರೆ ಚೊಕ್ಕವಾಗಿತ್ತು. "ಏನಿಲ್ಲ. ನಾಳೆ ಆಸ್ಪತ್ರೇಲಿ ಟ್ರೆಡ್‌ಮಿಲ್ ಮೇಲೆ ಓಡಿ, ಫಿಟ್ ಅಂತ ಬರೆಸ್ಕೊಂಡು ಬಾ. ಅಲ್ಲೀತನಕ ಬಸ್ ಮುಟ್ಟಬೇಡ" ಅಂದರು. ಬಸ್ ಮುಟ್ಟದೆ ಇವನು ಬದುಕಿಯಾನೆ? ಓಡೇ ಓಡ್ತೀನಿ ಅಂತ ತೀರ್ಮಾನಿಸಿಬಿಟ್ಟ.

ರಾತ್ರಿ ಡಿಪೋದಿಂದ ನಡೆದೇ ಮನೆಗೆ ಹೊರಟ. ದಾರಿಯಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಸರಿಯಾಗಿ ಅಲ್ಲಿಗೆ ಬಂದಾಗ ಮತ್ತೆ ಎದೆ ಹಿಡಿಯಿತು. ಕಟ್ಟೆಯ ಮೇಲೆ ಕೂತ. ಬೆವರು. ಬಾವಿಯೊಳಗೆ ಎಲ್ಲೋ... ಟಪಕ್... ಟಪಕ್... ಹನಿ ಬೀಳುತ್ತಿತ್ತು. ನಿಧಾನಕ್ಕೆ ನೋವು ಇಳಿಯಿತು. ಪೂರ್ತಿ ಹೋಯಿತು.

ಆಗ ಪಕ್ಕದಲ್ಲಿ ಒಂದು ಸದ್ದು. ಪರ್ರ್...

ಅಂಟಿಸಿದ್ದನ್ನು ಚರ್ಮದಿಂದ ಕಿತ್ತರೆ ಬರುತ್ತಲ್ಲ, ಅದೇ. ತಿರುಗಿ ನೋಡಿದರೆ ಕಟ್ಟೆಯ ಆ ತುದಿಯಲ್ಲಿ ಒಬ್ಬ ಮುದುಕ. ಬರಿಗಾಲು. ಅಂಗಿಯ ಗುಂಡಿ ಬಿಚ್ಚಿದೆ. ಎದೆ ತುಂಬ ಬಿಳಿ ಕೂದಲು. ಕೂದಲ ನಡುವೆ ಏನನ್ನೋ ಉಗುರಿನಿಂದ ಎಬ್ಬಿಸುತ್ತಾ ಕೂತಿದ್ದಾನೆ.

"ನೋವು ಹೋಯ್ತಾ?" ಪಿಸುಮಾತು.

"ಹೋಯ್ತು ಕಣಜ್ಜ."

"ನಂಗೂ ಹೋಗಿತ್ತು..."

ಟಪಕ್.

"ನೋವು ಹೋದಮೇಲೆ ಓಡಬೇಡ."

ಷಡ್ಡಕ ಎದ್ದವನು ಹಿಂದೆ ನೋಡಲಿಲ್ಲ. ಮನೆಗೆ ಬಂದು ನಾದಿನಿಗೆ ಹೇಳಿದ. ಅದೂ ಮೆಲ್ಲಗೆ! ಅವಳಿಗೆ ಭಯವಾದದ್ದು ಅಜ್ಜನ ವಿಷಯಕ್ಕಲ್ಲ, ಈ ಮೆಲುದನಿಗೆ. "ನಾಳೆ ಹೋಗ್ಬೇಡಿ" ಅಂದಳು. "ಹೋಗದೇ ಇದ್ರೆ ಬಸ್ ನಿಮ್ಮಪ್ಪ ಬಂದು ಓಡಿಸ್ತಾರಾ?" ಅಂದ. ನಮ್ಮ ಮಾವನವರನ್ನು ಎಳೆದು ತರದೆ ಅವನ ಜಗಳ ಮುಗಿಯುವುದಿಲ್ಲ.

ಬೆಳಿಗ್ಗೆ ಆಸ್ಪತ್ರೆ. ಕಿಟಕಿಯಿಲ್ಲದ ಕೋಣೆ, ನಡುವೆ ಟ್ರೆಡ್‌ಮಿಲ್, ಗೋಡೆಗೆ ಇಸಿಜಿ ಗೆರೆ ಓಡುವ ಪರದೆ. ಟೆಕ್ನಿಷಿಯನ್ ಇವನ ಎದೆ ನುಣ್ಣಗೆ ಬೋಳಿಸಿ ಹತ್ತು ಸ್ಟಿಕ್ಕರ್ ಅಂಟಿಸಿದ, ಒಂದೊಂದಕ್ಕೂ ಒಂದೊಂದು ವೈರು. ಓಡಿಸುವ ಮೊದಲು ಸುಮ್ಮನೆ ಮಲಗಿಸಿ ಒಂದು ಇಸಿಜಿ ತೆಗೆದು ಡಾಕ್ಟರಿಗೆ ತೋರಿಸಬೇಕು. ಅವತ್ತು ಹೊರಗೆ ಜನವೋ ಜನ.

"ನಿನ್ನೆ ತೆಗೆದ ಇಸಿಜಿ ಇದೆಯಲ್ಲ, ಸಾಕು ಬಿಡಿ. ಈಗ ನೋವೇನಾದ್ರೂ?" ಟೆಕ್ನಿಷಿಯನ್ ಕೇಳಿದ.

"ಒಂಚೂರೂ ಇಲ್ಲ."

"ಹಾಗಾದ್ರೆ ಹತ್ತಿ."

ಹತ್ತಿ ನಿಂತ. ಗುಂಡಿ ಒತ್ತಿದರು. ಬೆಲ್ಟು ಕಿರ್ರ್ ಅಂತ ಒಂದಿಂಚು ಸರಿಯಿತು. ನಿಂತಿತು. ಮತ್ತೆ ಒತ್ತಿದರು. ಕಿರ್ರ್... ನಿಂತಿತು. ಷಡ್ಡಕ ತಲೆ ಬಗ್ಗಿಸಿ ನೋಡಿದ. ಅವನ ಪಾದಗಳ ಎದುರಿಗೆ ಬೆಲ್ಟಿನ ರಬ್ಬರು ಎರಡು ಕಡೆ ತಗ್ಗಿತ್ತು. ಯಾರೋ ಅವನಿಗೆ ಮುಖ ಕೊಟ್ಟು, ಬರಿಗಾಲಲ್ಲಿ, ಊರಿಕೊಂಡು ನಿಂತ ಹಾಗೆ.

ಬಾಯಿ ತೆರೆದ. ನಮ್ಮ ಹಾರ್ನ್‌ಗೆ ದನಿಯೇ ಹೊರಡಲಿಲ್ಲ.

ಇನ್ನೂ ಯಾಕೆ ಶುರು ಮಾಡಿಲ್ಲ ಅಂತ ಬೈಯುತ್ತಾ ಡಾಕ್ಟರಮ್ಮ ಒಳಗೆ ಬಂದರು. ಪರದೆ ನೋಡಿದರು. ಬೈಗುಳ ಅರ್ಧಕ್ಕೇ ನಿಂತಿತು. ಅಲ್ಲಿ ಗೆರೆ ಒಂದೊಂದು ಬಡಿತಕ್ಕೂ ಮೆತ್ತಗೆ ಏರಿ, ತುದಿಯಲ್ಲಿ ತಟಕ್ಕನೆ ಕೆಳಗೆ ಮುಳುಗುತ್ತಿತ್ತು. ಹಗ್ಗ ತಪ್ಪಿದ ಕೊಡ ಬಾವಿಗೆ ಬಿದ್ದ ಹಾಗೆ. ಮತ್ತೆ ಏರಿ... ಮತ್ತೆ ಮುಳುಗಿ...

"ಇಳಿಸಿ," ಅಂದರು ಮೆಲ್ಲಗೆ. "ಒಂದು ಹೆಜ್ಜೇನೂ ನಡೆಸ್ಬೇಡಿ. ಕುರ್ಚಿ ತನ್ನಿ."

ನನ್ನ ನಾದಿನಿಗೆ ಆಮೇಲೆ ಅವರೇ ವಿವರಿಸಿದರಂತೆ. ಹೃದಯದ ಮುಂಭಾಗಕ್ಕೆ ಹೋಗುವ ದೊಡ್ಡ ನಾಳ ಬಾಯಿಯಲ್ಲೇ ಕಟ್ಟಿಕೊಂಡು, ಕೂದಲೆಳೆಯಷ್ಟು ದಾರಿ ಉಳಿದಿತ್ತು. "ಇದು ಕಳ್ಳ ಗೆರೆ ಕಣಮ್ಮ. ನೋವಿರೋವಾಗ ಸಾಚಾ ಥರ ಇರುತ್ತೆ. ನೋವು ಹೋದಮೇಲೆ ನಿಜ ತೋರಿಸುತ್ತೆ. ಆಗ ಓಡಿಸಿದ್ರೆ, ಇಳಿಸೋಕೆ ಮನುಷ್ಯ ಉಳಿಯಲ್ಲ."

ಇವನನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವಾಗ ಟೆಕ್ನಿಷಿಯನ್ ಸುಮ್ಮನೆ ಮತ್ತೊಮ್ಮೆ ಗುಂಡಿ ಒತ್ತಿದ. ಖಾಲಿ ಬೆಲ್ಟು ಸರ್ರನೆ ಓಡಿತು. ಬಾಗಿಲು ಮುಚ್ಚುವ ತನಕ ಷಡ್ಡಕನಿಗೆ ಕೇಳಿಸಿತಂತೆ... ಥಪ್... ಥಪ್... ಥಪ್... ಬರಿಗಾಲು.

"ಆ ಮಿಷನ್ ಮೇಲೆ ಯಾರಾದ್ರೂ..." ಅಂತ ಕೇಳಿದ.

ಕುರ್ಚಿ ತಳ್ಳುತ್ತಿದ್ದ ಆಯಾ ಅತ್ತಿತ್ತ ನೋಡಿ, "ಒಬ್ಬ ಅಜ್ಜ. ಅವರಿಗೂ ನೋವಿರಲಿಲ್ಲ. ಮಾತಾಡ್ಬೇಡಿ ಈಗ" ಅಂದಳು.

ಅವತ್ತೇ ನಾಳ ಬಿಡಿಸಿ ಸ್ಟೆಂಟು ಹಾಕಿದರು. ಬದುಕಿದ. ಈಗಲೂ ಇದ್ದಾನೆ, ಈಗಲೂ ಕಿರುಚುತ್ತಾನೆ, ಬೇಕಾದರೆ ಹೋಗಿ ಕೇಳಿ. ಕಟ್ಟುಕತೆ ಅನ್ನುವವರಿಗೆ ನಾನು ಒಂದೇ ಮಾತು ಹೇಳುವುದು. ಆ ಸಂಜೆ ವಾರ್ಡಿನಲ್ಲಿ ನಾನೂ ಇದ್ದೆ. ನಾದಿನಿ ಅವನ ಎದೆಯಿಂದ ಸ್ಟಿಕ್ಕರ್ ಬಿಡಿಸುತ್ತಿದ್ದಳು. ಪರ್ರ್... ಪರ್ರ್... ಹತ್ತೂ ಬಂದವು. ಹನ್ನೊಂದನೆಯದು ಎಡಗಡೆ, ಪಕ್ಕೆಲುಬಿನ ಕೆಳಗೆ ಇತ್ತು. ಹಳದಿ ತಿರುಗಿದ್ದು. ಅಂಟು ಒಣಗಿ ಹೋಗಿತ್ತು, ಸದ್ದೇ ಇಲ್ಲದೆ ಕೈಗೆ ಬಂತು. ಅವಳು ಅದನ್ನು ತಿರುಗಿಸಿ ನನಗೆ ತೋರಿಸಿದಳು. ಒಳಬದಿಗೆ ಉದ್ದನೆಯ ಬಿಳಿ ಕೂದಲು ಅಂಟಿತ್ತು.

ಕಣ್ಣಾರೆ ಕಂಡಿದ್ದೀನಿ. ಎರಡು ಸಾವಿರದ ಹನ್ನೊಂದು, ನವೆಂಬರ್ ಹದಿನೇಳು, ಗುರುವಾರ.