ಪರೀಕ್ಷೆಗೆ ಇಟ್ಟ ನಂಬರು

ದೀಪ ಸಣ್ಣಗೆ ಮಾಡಿ, ಹತ್ತಿರ ಕೂತುಕೊಳ್ಳಿ. ದೆವ್ವ ಗಿವ್ವ ನಂಬುವವಳಲ್ಲ ನಾನು. ಹೊಲಿಗೆ ಮಷೀನಿನ ಪಕ್ಕ ಪುಸ್ತಕ ಇಟ್ಟುಕೊಂಡು ಓದಲು ಕಲಿತವಳು. ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಚಿಕ್ಕಪ್ಪನ ಮಗಳು ನನ್ನ ಜೊತೆಗೇ ಇದ್ದಾಳೆ. ಓದಿಸಿದ್ದು ನಾನೇ. ಆಂಬುಲೆನ್ಸ್ ಕರೆಯುವ ಒಂದು ಆ್ಯಪ್ ಸರಿಯಾಗಿ ಓಡುತ್ತಿದೆಯೇ ಎಂದು ಕಾಯುವುದು ಅವಳ ಕೆಲಸವಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ಕಂಪ್ಯೂಟರ್ ತಾನೇ ಒಂದು ಸುಳ್ಳು ಕರೆ ಕಳಿಸುತ್ತದೆ. ‘ವಾಹನ ಹೊರಟಿದೆ, ಹೊರಗೆ ನಿಂತಿರಿ’ ಎಂದು ಉತ್ತರ ಬಂದರೆ ಪರದೆಯ ಮೇಲೆ ಹಸಿರು. ಪರೀಕ್ಷೆಯ ಆ ಒಂದು ನಂಬರಿಗೆ ಉತ್ತರ ಹೋಗಬೇಕು, ವಾಹನ ಹೋಗಬಾರದು. ಹಾಗೆ ಕಟ್ಟಿದ್ದರು. ನಂಬರು ಯಾರದ್ದು? ಇವಳೇ ಅವಸರದಲ್ಲಿ ಬೆರಳಿಗೆ ಬಂದ ಹತ್ತು ಅಂಕಿ ಒತ್ತಿದ್ದಳು. ಆಗ ಅದು ಯಾರದ್ದೂ ಆಗಿರಲಿಲ್ಲ. ಎರಡು ವರ್ಷದ ಮೇಲೆ ಫೋನ್ ಕಂಪನಿಯವರು ಅದನ್ನು ಒಬ್ಬ ಮುದುಕಿಗೆ ಕೊಟ್ಟರು. ಇವರಿಗೆ ಹೇಗೆ ಗೊತ್ತಾಗಬೇಕು?

ಒಂದು ರಾತ್ರಿ ಪಾಳಿ ಮುಗಿಸಿ ನಡೆದು ಬರುತ್ತಿದ್ದಳು. ನಮ್ಮ ಬೀದಿಯ ತಿರುವಿನಲ್ಲಿ ಹಾಳು ಬಾವಿ, ಮೇಲೆ ತಗಡಿನ ಮುಚ್ಚಳ. ಗಾಳಿಗೆ ತಗಡು ಟಕ್... ಟಕ್... ಅಲ್ಲೇ ಫೋನು ಗುರ್ರ್ ಎಂದಿತು. ಪರೀಕ್ಷೆಯ ನಂಬರಿನಿಂದ ಲೆಕ್ಕಕ್ಕಿಂತ ಹೆಚ್ಚು ಕರೆ ಬರುತ್ತಿದೆ ಎಂಬ ಎಚ್ಚರಿಕೆ. ಮೇಲಧಿಕಾರಿಗೆ ಫೋನ್ ಮಾಡಿದಳು. ಹಸಿರು ಕಂಡರೆ ಸಾಕು ಅನ್ನುವ ಮನುಷ್ಯ; ಆಫೀಸಿನಲ್ಲಿ ಎಲ್ಲರಿಗೂ ಅವನು ‘ಹಸಿರು ಸಾಹೇಬ’.

“ಸರ್, ಅದೇ ನಂಬರಿಂದ ಮತ್ತೆ ಮತ್ತೆ...”

“ಉತ್ತರ ಹೋಗ್ತಿದೆಯಾ?”

“ಹೋಗ್ತಿದೆ ಸರ್.”

“ಪರದೆ ಬಣ್ಣ ಏನು?”

“ಹಸಿರು.”

“ಹಾಗಿದ್ರೆ ಅಲಾರಂ ಬಂದ್ ಮಾಡಿ ಮಲ್ಕೊಳ್ಳಮ್ಮಾ. ನನ್ನ ನಿದ್ದೆನೂ ಕೆಡಿಸ್ಬೇಡ.”

ಬಾವಿಯ ಪಕ್ಕದಲ್ಲೇ ನಿಂತು ಬಂದ್ ಮಾಡಿದಳು.

ಬೆಳಗ್ಗೆ ಕರೆಗಳ ಪಟ್ಟಿ ತೆರೆದು ನೋಡಿದರೆ ಕಂಪ್ಯೂಟರ್ ಕಳಿಸದ ಕರೆಗಳು ಹನ್ನೊಂದು. ಹತ್ತರಲ್ಲಿ ‘ಉಸಿರು ಕಟ್ಟುತ್ತಿದೆ’. ಕೊನೆಯದರಲ್ಲಿ ‘ಹೊರಗೆ ನಿಂತಿದ್ದೇನೆ’. ಹನ್ನೊಂದಕ್ಕೂ ಹೋದ ಉತ್ತರ ಒಂದೇ... ವಾಹನ ಹೊರಟಿದೆ.

ಮುದುಕಿಯ ಹೆಣ ಸಿಕ್ಕಿದ್ದು ಅವಳ ಮನೆಯ ಮೆಟ್ಟಿಲ ಮೇಲೆ. ಕೈಯಲ್ಲಿ ಬಟ್ಟೆಯ ಚೀಲ. ಅವಸರಕ್ಕೆ ಎಡಗಾಲಿನ ಚಪ್ಪಲಿ ಬಲಗಾಲಿಗೆ.

ಹಸಿರು ಸಾಹೇಬ ಆ ನಂಬರನ್ನು ಅಳಿಸಿಹಾಕಿಸಿದ. ತಿಂಗಳ ವರದಿಯಲ್ಲಿ ‘ಒಂದೂ ತಪ್ಪಿಲ್ಲ’ ಎಂದು ಬರೆದ. ಇವಳು ಸತ್ತವಳ ಮಗಳಿಗೆ ಹೋಗಿ ಹೇಳಿಬಿಡುತ್ತೇನೆ ಎಂದು ಅತ್ತಳು.

“ಬಾಯಿ ಮುಚ್ಕೊಂಡಿರು. ಬೆನ್ನು ಮುರ್ಕೊಂಡು ಓದಿಸಿದ್ದು ನೀನು ಜೈಲಿಗೆ ಹೋಗ್ಲಿ ಅಂತಲ್ಲ.”

ಹೌದು, ನಾನೇ ಅಂದೆ. ಮುಚ್ಚಿಟ್ಟು ಈಗ ಏನಾಗಬೇಕು?

ಆ ರಾತ್ರಿಯಿಂದ ಶುರುವಾಯಿತು. ಬಂದ್ ಮಾಡಿದ್ದ ಅಲಾರಂ... ಒಂದು ಗಂಟೆ ಹತ್ತು ನಿಮಿಷಕ್ಕೆ. ಗುರ್ರ್. ಅಳಿಸಿದ ನಂಬರು. ಮೊದಲ ರಾತ್ರಿ ಕರೆ ಬಂದ ಜಾಗ ಎಂದು ಫೋನು ತೋರಿಸಿದ್ದು ಮುದುಕಿಯ ಮನೆ. ಮರುರಾತ್ರಿ ನಮ್ಮ ತಿರುವಿನ ಬಾವಿ. ಮೂರನೆಯ ರಾತ್ರಿ ಇವಳು ನನ್ನ ಭುಜ ಅಲುಗಿಸಿದಳು.

“ಅಕ್ಕಾ... ಏಳು.”

“ಏನೇ?”

“ನಮ್ಮ ಮನೆ ತೋರಿಸ್ತಿದೆ.”

ಫೋನಿನಲ್ಲಿ ಒಂದೇ ಸಾಲು. ಹೊರಗೆ ನಿಂತಿದ್ದೇನೆ.

ಬಾಗಿಲಾಚೆ... ಸರಕ್... ಸರಕ್... ಅಂಗಾಲು ಕಲ್ಲಿಗೆ ಉಜ್ಜಿದ ಹಾಗೆ.

“ತೆಗೀಬೇಡ ಅಕ್ಕಾ!”

ನಾನು ಯಾರ ಮಾತು ಕೇಳಿದವಳು? ಚಿಲಕ ಎಳೆದೆ. ಯಾರೂ ಇಲ್ಲ. ಮೆಟ್ಟಿಲ ಮೇಲೆ ಒಂದು ಜೊತೆ ಹಳೆಯ ಚಪ್ಪಲಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಬೆಳಕು ಹರಿಯುತ್ತಲೇ ಇವಳು ಮುದುಕಿಯ ಮಗಳ ಮನೆಗೆ ಹೊರಟಳು. ಈ ಸಲ ತಡೆಯಲಿಲ್ಲ, ನಾನೂ ಹೋದೆ. ಎಲ್ಲ ಕೇಳಿಸಿಕೊಂಡು ಆ ಹೆಂಗಸು ಕೇಳಿದ್ದು ಒಂದೇ ಮಾತು.

“ಎಷ್ಟು ಸಲ ಕರೆದ್ಲು?”

“ಹನ್ನೊಂದು.”

ಬಾಗಿಲು ಹಾಕಿಕೊಂಡಳು. ಮೆಲ್ಲಗೆ. ಮುಖಕ್ಕೆ ಬಡಿದಿದ್ದರೆ ವಾಸಿಯಿತ್ತು.

ಇವಳ ಕೆಲಸ ಹೋಯಿತು. ಹಸಿರು ಸಾಹೇಬನಿಗೆ ಬಡ್ತಿ ಸಿಕ್ಕಿತು. ಅಲಾರಂ ಮತ್ತೆ ಬರಲಿಲ್ಲ.

ಚಪ್ಪಲಿ ಮಾತ್ರ ಇದೆ. ಎಸೆಯಲು ಕೈ ಬರುವುದಿಲ್ಲ. ದಿನಾ ರಾತ್ರಿ ನಾನೇ ಸರಿಯಾಗಿ ಜೋಡಿಸಿಟ್ಟು ಮಲಗುತ್ತೇನೆ. ಬೆಳಗ್ಗೆ ಎಡದ್ದು ಬಲಕ್ಕಿರುತ್ತದೆ. ಸುಳ್ಳು ಅನ್ನಿಸಿದರೆ ಹೋಗುವಾಗ ನೋಡಿಕೊಂಡು ಹೋಗಿ... ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಇದೆ.