ಹನ್ನೊಂದನೆಯ ಸಹಿ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಗಿರಿಜಾದೇವಿ ಮೇಡಂ ಅವರೇ, ಊಟದ ವಾಸನೆ ಬರುತ್ತಿದ್ದರೂ ಕದಲದೆ ಕೂತಿರುವ ಸಭಿಕರೇ,

ಮುಖ್ಯೋಪಾಧ್ಯಾಯನಾದ ನಾನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ ಎಂದರೆ ಈ ಶಾಲೆಯಲ್ಲಿ ಯಾರೂ ನಂಬುವುದಿಲ್ಲ. ನಂಬಬೇಡಿ.

ಮೇಡಂ ಇಲ್ಲಿ ಇಪ್ಪತ್ತಾರು ವರ್ಷ ಹೊಲಿಗೆ ಕಲಿಸಿದರು. ನಾನು ಹೇಳಬೇಕೆಂದಿರುವುದು ನಮ್ಮ ಶಿಕ್ಷಕರ ಒಂದೇ ಒಂದು ಸಭೆಯ ವಿಷಯ. ಅದು ಎರಡು ಸಾವಿರದ ನಾಲ್ಕರ ನವೆಂಬರ್. ಹತ್ತನೇ ತರಗತಿಯಲ್ಲಿ ಐದು ವರ್ಷದಿಂದ ನಮ್ಮದು ನೂರಕ್ಕೆ ನೂರು ಫಲಿತಾಂಶ. ಚಂದ್ರಾ ಲೇಔಟ್ ತುಂಬ ನಮ್ಮದೇ ಬ್ಯಾನರು! ಅದರ ಗುಟ್ಟೇನು? ಹೇಳಿಯೇಬಿಡುತ್ತೇನೆ. ಫೇಲಾಗುವಂತೆ ಕಂಡ ಮಕ್ಕಳಿಗೆ ಟಿ.ಸಿ. ಕೊಟ್ಟು, ಪರೀಕ್ಷೆ ಹೊರಗಿನಿಂದ ಕಟ್ಟಿಕೊಳ್ಳಿ ಎನ್ನುತ್ತಿದ್ದೆವು. 'ಸರ್ವಾನುಮತದಿಂದ' ಎಂದು ನಿರ್ಣಯವನ್ನು ನಾನು ಮೊದಲೇ ಬರೆದಿಡುತ್ತಿದ್ದೆ. ಹನ್ನೊಂದು ಸಹಿ, ಆಮೇಲೆ ಉಪ್ಪಿಟ್ಟು.

ಆ ವರ್ಷದ ಹೆಸರು ಶಿಲ್ಪಾ, ಗಣಿತದಲ್ಲಿ ಹಿಂದಿದ್ದಳು. ತಂದೆ ಭರಮಪ್ಪ, ರಾಯಚೂರು ಕಡೆಯವರು, ಬಾಪೂಜಿ ನಗರದಲ್ಲಿದ್ದು ಗಾರೆ ಕೆಲಸ ಮಾಡುತ್ತಿದ್ದರು. ನನ್ನದೂ ಸೇರಿ ಹತ್ತು ಸಹಿಯಾಗಿ ನಿರ್ಣಯದ ಪುಸ್ತಕ ಮೇಡಂ ಮುಂದೆ ಬಂತು. "ಎಲ್ರೂ ಒಪ್ಪಿದ್ರು ಅಂತ ಬರ್ದಿದೀರ ಸಾರ್. ನಾನು ಒಪ್ಪಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹೊಲಿಗೆ ಟೀಚರ್‌ಗೆ ಗಣಿತದ ಉಸಾಬರಿ ಯಾಕ್ರೀ?" ಎಂದೆ. ಎಲ್ಲರೆದುರಿಗೇ ಎಂದೆ. ಅವರು ದನಿ ಏರಿಸಲಿಲ್ಲ. "ಟಿ.ಸಿ. ಕೊಟ್ರೆ ನಾಳೆಯಿಂದ ಆ ಹುಡುಗಿ ಅವರಪ್ಪನ ಜೊತೆ ಇಟ್ಟಿಗೆ ಹೊರ್ತಾಳೆ. ನಿಮ್ಮಲ್ಲಿ ಯಾರಾದ್ರೂ ಹೋಗಿ ಅವಳ ಮುಖ ನೋಡಿ ಹೇಳ್ಬನ್ನಿ, ಸಹಿ ಹಾಕ್ತೀನಿ."

ಯಾರು ಎದ್ದರು? ಯಾರೂ ಏಳಲಿಲ್ಲ. ಉಪ್ಪಿಟ್ಟು ಆರಿತು. ಕೊನೆಗೆ ಗಣಿತದ ಹನುಮಯ್ಯನವರು ಕೆಮ್ಮಿ, "ಸಂಜೆ ಹೊತ್ತು ನಾನು ಹೇಳ್ಕೊಡ್ತೀನಿ, ಬಿಡಿ ಸಾರ್" ಎಂದು ತಮ್ಮ ಸಹಿಯನ್ನು ಹೊಡೆದುಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕಟ್ಟಕಡೆಗೆ ನಾನು.

ಶಿಲ್ಪಾ ಪಾಸಾದಳೇ? ಇಲ್ಲ. ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಿತ್ತು. ಬ್ಯಾನರ್ ಹೋಯಿತು. ಜೂನ್ ಪರೀಕ್ಷೆಯಲ್ಲಿ ಪಾಸಾದಳು, ನಮ್ಮ ಶಾಲೆಯ ಹೆಸರಿನಲ್ಲೇ. ಇವತ್ತು ನರ್ಸಿಂಗ್ ಓದುತ್ತಿದ್ದಾಳೆ.

ಆದರೆ ಆ ಮೇ ತಿಂಗಳಲ್ಲಿ ಆಡಳಿತ ಮಂಡಳಿ ನನ್ನನ್ನು ಕರೆಸಿ, ಫಲಿತಾಂಶ ಕೆಟ್ಟದ್ದಕ್ಕೆ ಯಾರು ಕಾರಣ ಎಂದು ಕೇಳಿತು. ಸಹಿ ಹೊಡೆದುಹಾಕಿದವರು ಹತ್ತು ಜನ. ನಾನು ಹೇಳಿದ್ದು ಒಂದೇ ಹೆಸರು, ಸಹಿಯನ್ನೇ ಹಾಕದವರದು. ಮರುವರ್ಷ ಮೇಡಂ ಕೈಯಿಂದ ತರಗತಿಗಳನ್ನು ಕಿತ್ತುಕೊಂಡು ಗ್ರಂಥಾಲಯದಲ್ಲಿ ಕೂರಿಸಿದೆವು. ಮೂರು ವರ್ಷ ಕೂತರು. ಯಾಕೆಂದು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಹಿರಿಯರೇ, ಆವತ್ತು ನಿಮಗೆ ಹೇಳದೆ ಬಿಟ್ಟ ಹೆಸರು ನನ್ನದು. ಮೇಡಂ, ಹೇಳಲು ಮೂರು ವರ್ಷ ಬೇಕಾಯಿತು, ಕ್ಷಮಿಸಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.